ಬ್ಯಾಟ್ರಿ ಹಿಡಿಯುವ ಕೈ

ಸ್ಕೂಬಾಕ್ಕೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜಲು, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಕೂತು ಟಾರ್ಚನ್ನು ಎದೆಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರೆ, ದೋಣಿಯವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹಗಲು ಹೊತ್ನಲ್ಲಿ ಬ್ಯಾಟ್ರಿ ಎಂತಕ್ಕೆ ಮಾರಾಯ್ರೆ?" ಕೇಳುವುದು ಸರಿಯೇ. ಅಲ್ಲಿಗೆ ನಾವು ಹೋಗುವುದು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಮೇ ಒಳಗೆ. ದಂಡೆಯಿಂದ ಸುಮಾರು 19 ಕಿಲೋಮೀಟರ್. ದ್ವೀಪ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿ ಕಣ್ಣು ಬಿಡಲಾಗದಷ್ಟು ಬೆಳಕು. ಅಂಥ ಹೊತ್ತಿನಲ್ಲಿ ಕೈಗೊಂದು ಎದೆಗೊಂದು ಟಾರ್ಚ್ ಕಟ್ಟಿಕೊಂಡವರನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ.

ಸುಲಭದ ಉತ್ತರ ಬಣ್ಣದ್ದು. ನೀರು ಎಲ್ಲ ಬಣ್ಣವನ್ನೂ ಒಂದೇ ಸಮ ಒಳಗೆ ಬಿಡುವುದಿಲ್ಲ. ಮೊದಲು ಕೆಂಪನ್ನು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಬಂಡೆಯ ಬುಡಕ್ಕೆ ಹೋಗುವ ಹೊತ್ತಿಗೆ ಉಳಿದಿರುವುದು ಹಸಿರು ಮತ್ತು ನೀಲಿ ಅಷ್ಟೇ. ಅಲ್ಲಿ ಬೆರಳು ತರಚಿ ರಕ್ತ ಬಂದರೆ ಅದೂ ಹಸಿರುಗಪ್ಪಾಗಿ ಕಾಣುತ್ತದೆ. ಆಗ ಟಾರ್ಚ್ ಹಾಕಿದರೆ, ಬೂದಿ ಬಣ್ಣದ ಗೋಡೆ ಅಂದುಕೊಂಡಿದ್ದರಲ್ಲಿ ಕೆಂಪು, ಕೇಸರಿ, ನೇರಳೆ ಎಲ್ಲ ಎದ್ದು ಬರುತ್ತದೆ. ಅದೂ ಒಂದೆರಡು ಮೀಟರ್ ದೂರಕ್ಕೆ ಮಾತ್ರ. ಟಾರ್ಚಿನ ಬೆಳಕು ಮೀನಿನ ತನಕ ಹೋಗಿ ಮತ್ತೆ ನಮ್ಮ ಕಣ್ಣಿಗೆ ಬರಬೇಕು, ಹೋಗುವಾಗಲೂ ಬರುವಾಗಲೂ ನೀರು ತನ್ನ ಪಾಲು ಕಿತ್ತುಕೊಳ್ಳುತ್ತದೆ.

ದೋಣಿಯವರಿಗೆ ನಾನು ಹೇಳುವುದು ಇಷ್ಟೇ. ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಕೂತ ಮೊರೆ ಈಲ್ ಮೀನನ್ನು ನೋಡಲು ಬೇಕು ಅಂದರೆ ಅವರಿಗೂ ಸಮಾಧಾನ. ಆದರೆ ನಾನು ಟಾರ್ಚ್ ಒಯ್ಯುವುದಕ್ಕೆ ಇದು ಎರಡನೆಯ ಕಾರಣ. ಮೊದಲನೆಯದು ನನ್ನ ಪಕ್ಕದಲ್ಲಿ ಈಜುವ ಮನುಷ್ಯ.

ಆ ಮನುಷ್ಯ ಬಹಳ ಸಲ ನಮ್ಮ ಭಾವನೇ ಆಗಿರುತ್ತಾರೆ. ಅಕ್ಕನ ಗಂಡ. ಮಸ್ಕತ್ತಿನಲ್ಲಿ ಲೆಕ್ಕಪತ್ರದ ಕೆಲಸ. ಹೊನ್ನಾವರದ ಕಡೆಯವರಾದರೂ ಊರಲ್ಲಿದ್ದಾಗ ಮೊಣಕಾಲಿಗಿಂತ ಮೇಲೆ ಸಮುದ್ರಕ್ಕೆ ಇಳಿದವರಲ್ಲ. ಅಲ್ಲಿ ಹೋದ ಮೇಲೆ ಶುಕ್ರವಾರ, ಶನಿವಾರದ ರಜೆ ಕಳೆಯಲು ಸ್ಕೂಬಾ ಕಲಿತು, ಕೊನೆಗೆ ನನಗೂ ಹುಚ್ಚು ಹತ್ತಿಸಿದರು. ಮಸ್ಕತ್ತಿನ ಕಡೆಯ ದಮಾನಿಯತ್ ದ್ವೀಪಗಳ ತಿಳಿನೀರಲ್ಲಿ ಹಗಲು ಇಳಿಯುವಾಗ ಅವರು ಹೆಚ್ಚೇನೂ ಹೇಳುವುದಿಲ್ಲ. ಅದೇ ಕರಾವಳಿಯ ಬಂದರ್ ಖೈರಾನಿನಲ್ಲಿ ರಾತ್ರಿ ಇಳಿಯುವಾಗ ಮಾತ್ರ ಲೆಕ್ಕಿಗರ ಬುದ್ಧಿ ಹೊರಗೆ ಬರುತ್ತದೆ. ದೋಣಿಯಲ್ಲೇ ಕೂರಿಸಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸುತ್ತಾರೆ: ಯಾವ ಕೈ, ಯಾವ ಸನ್ನೆ, ಒಂದು ಟಾರ್ಚ್ ಹೋದರೆ ಏನು, ಎರಡೂ ಹೋದರೆ ಏನು. ಕೊನೆಗೆ, "ನಿನ್ನ ಬ್ಯಾಟ್ರಿ ನಿನಗೆ ನೋಡೂಕಲ್ಲ ಮಾರಾಯ, ನಂಗೆ ನೀ ಎಲ್ಲಿದ್ದೆ ಅಂತ ಹೇಳೂಕೆ. ಮೀನು ಆಮೇಲೆ."

ಇದು ಉತ್ಪ್ರೇಕ್ಷೆ ಅಂತ ಅನ್ನಿಸುತ್ತಿತ್ತು. ಕತ್ತಲ ನೀರಲ್ಲಿ ಅವರ ಪಕ್ಕ ಈಜಿ ಈಜಿ ಅರ್ಥವಾಯಿತು. ಮರಳ ಮೇಲೆ ಎರಡು ಬೆಳಕಿನ ವೃತ್ತಗಳು, ಒಂದು ನನ್ನದು, ಒಂದು ಅವರದು. ಎರಡೂ ಪಕ್ಕಪಕ್ಕದಲ್ಲಿ ನಿಧಾನವಾಗಿ ಮುಂದೆ ಹೋಗುತ್ತಿದ್ದರೆ ಯಾರೂ ಕತ್ತು ತಿರುಗಿಸಬೇಕಿಲ್ಲ. ಮಾಸ್ಕ್ ಹಾಕಿಕೊಂಡ ಕಣ್ಣಿಗೆ ಪಕ್ಕದ ನೋಟ ಮೊದಲೇ ಕಡಿಮೆ; ಪ್ರತಿಸಲ ಜೊತೆಗಾರ ಇದ್ದಾರೋ ಇಲ್ಲವೋ ಅಂತ ಹೊರಳಿ ನೋಡುತ್ತಿದ್ದರೆ ತೇಲುವ ಹದ ತಪ್ಪುತ್ತದೆ, ಕಾಲಿಗೆ ಹಾಕಿದ ಫಿನ್, ಅಂದರೆ ಈಜುರೆಕ್ಕೆ, ನೆಲಕ್ಕೆ ತಾಗಿ ಕೆಸರೇಳುತ್ತದೆ. ಭಾವನ ವೃತ್ತ ಒಂದು ಕಡೆ ನಿಂತಿತು ಅಂದರೆ ಏನೋ ಕಂಡಿದೆ. ಹಿಂದೆ ಬಿತ್ತು ಅಂದರೆ ನಾನು ಜೋರಾಗಿ ಹೋಗುತ್ತಿದ್ದೇನೆ. ಕಾಣದೇ ಹೋಯಿತು ಅಂದರೆ, ಆಗ ಮಾತ್ರ ತಿರುಗಬೇಕು, ತಕ್ಷಣ ತಿರುಗಬೇಕು. ಬೆಳಕು ಸುಮ್ಮನಿದ್ದಷ್ಟು ಹೊತ್ತೂ ಎಲ್ಲ ಸರಿಯಿದೆ ಎಂಬ ಸುದ್ದಿ ತಾನಾಗಿ ಬರುತ್ತಲೇ ಇರುತ್ತದೆ. ಹಾಗಾಗಿ ರಾತ್ರಿ ಜೊತೆಗಾರನನ್ನು ಕಾಯುವುದು ಹಗಲಿಗಿಂತ ಸುಲಭ ಅಂತಲೇ ನನ್ನ ಅಭಿಪ್ರಾಯ. ಹಗಲು ನಾಲ್ಕು ಮೀಟರ್ ಹಿಂದೆ ಉಳಿದವರು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಮಲೆನಾಡು, ಕರಾವಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುವ ನಡೆಯೇ. ರಾತ್ರಿ ತೋಟದ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಇಬ್ಬರಿಗೆ ಒಂದೇ ಬ್ಯಾಟ್ರಿ ಇದ್ದರೆ ಹಿಡಿದವರು ತಮ್ಮ ಕಾಲಿಗೆ ಬಿಟ್ಟುಕೊಳ್ಳುವುದಿಲ್ಲ. ಮುಂದಿನವರ ಹೆಜ್ಜೆಗೆ ಬೆಳಕು ಬೀಳುವಂತೆ ಹಿಡಿಯುತ್ತಾರೆ. ಮರದ ತುದಿ, ಬೇಲಿ, ಆಕಾಶ ಅಂತ ಆಡಿಸುವ ಮಕ್ಕಳಿಗೆ ಬೈಗುಳ ಗ್ಯಾರಂಟಿ. ನೀರೊಳಗೂ ಹೊಸಬರು ಮಾಡುವುದು ಅದನ್ನೇ. ಕುತೂಹಲ ಹೋದ ಕಡೆಗೆಲ್ಲ ಬೆಳಕು ಹೋಗುತ್ತದೆ, ಪಕ್ಕದವರ ಎದುರು ಸದಾ ಬೆಳಕಿನ ಪಟ್ಟೆಗಳು ಓಡಾಡುತ್ತಿರುತ್ತವೆ. ಇದರ ಕೆಡುಕು ಬರೀ ಕಿರಿಕಿರಿಯಲ್ಲ. ಬೆಳಕನ್ನು ಬೇಗಬೇಗ ಅತ್ತಿತ್ತ ಬೀಸುವುದು ಅಪಾಯದ ಸನ್ನೆ. ಇಡೀ ಡೈವ್ ಹಾಗೇ ಬೀಸುತ್ತಿರುವವರಿಗೆ ನಿಜವಾಗಿ ಉಸಿರು ಸಿಕ್ಕದೆ ಹೋದಾಗ ಉಳಿದ ಸನ್ನೆಯಾದರೂ ಯಾವುದು?

ಸನ್ನೆಗಳು ಮೂರೇ. ಜೊತೆಗಾರನಿಗೆ ಕಾಣುವ ಕಡೆ ಬೆಳಕಿನಿಂದ ನಿಧಾನವಾಗಿ ಒಂದು ಸುತ್ತು ಬರೆದರೆ "ಸರಿಯಿದ್ದೇನೆ, ನೀನು?" ಅಂತ. ಅವರೂ ಸುತ್ತು ಬರೆಯಬೇಕು. ನಿಧಾನವಾಗಿ ಒಂದೆರಡು ಬಾರಿ ಆಚೀಚೆ ಆಡಿಸಿದರೆ "ಇತ್ತ ನೋಡು". ಜೋರಾಗಿ, ಬಿಡದೆ ಬೀಸಿದರೆ "ಬೇಗ ಬಾ". ಇನ್ನೇನು ಹೇಳಬೇಕಿದ್ದರೂ ಕೈಸನ್ನೆಯೇ, ಆದರೆ ಕತ್ತಲಲ್ಲಿ ಕೈ ಕಾಣಬೇಕಲ್ಲ. ಒಂದು ಕೈಯ ಟಾರ್ಚನ್ನು ಇನ್ನೊಂದು ಕೈಯ ಮೇಲೆ ಬಿಟ್ಟು, ಎದೆಯ ಮುಂದೆ ಹಿಡಿದು ತೋರಿಸಬೇಕು. ಗಾಳಿ ಎಷ್ಟಿದೆ ಅನ್ನುವ ಲೆಕ್ಕವನ್ನು ಹೀಗೆ ಬೆರಳಲ್ಲಿ ಹೇಳುವುದು ರೂಢಿಯಾಗಲು ಸ್ವಲ್ಪ ದಿನ ಬೇಕು.

ಎಲ್ಲಿ ಸುತ್ತು ಬರೆಯುವುದು ಎಂಬುದರಲ್ಲೇ ಜಾಣತನ ಇರುವುದು. ಜೊತೆಗಾರನ ಮುಖದ ಮೇಲಂತೂ ಅಲ್ಲ. ಅವರು ನೋಡುತ್ತಿರುವ ಮರಳಿನ ಮೇಲೆ, ಗೋಡೆಯ ಮೇಲೆ, ಅವರ ಬೆಳಕಿನ ವೃತ್ತದ ಅಂಚಿಗೆ ತಾಗುವ ಹಾಗೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ. ಒಂದು ಕ್ಷಣ ಕಣ್ಣಿಗೆ ನೇರ ಬೆಳಕು ಬಿದ್ದರೆ ಅದೆಲ್ಲ ಹೋಯಿತು. ಮುಖಾಮುಖಿ ಮಾತಾಡಬೇಕಾದಾಗ ಬಹಳ ಜನ ಟಾರ್ಚ್ ಆರಿಸುತ್ತಾರೆ. ಅದು ಬೇಡ. ಆರಿಸಿದ ಟಾರ್ಚ್ ಮತ್ತೆ ಹೊತ್ತಿಕೊಳ್ಳದೇ ಹೋಗಬಹುದು. ಅಂಗೈಯಿಂದ ಮುಚ್ಚಿ ಅಥವಾ ಹೊಟ್ಟೆಗೆ ಆನಿಸಿ ಹಿಡಿದರೆ ಸಾಕು. ನೀರಿಗೆ ಹಾರುವ ಮೊದಲು ಹೊತ್ತಿಸಿದ್ದನ್ನು ದೋಣಿ ಹತ್ತಿ ಕೂತ ಮೇಲೆಯೇ ಆರಿಸುವುದು ನಮ್ಮ ಕ್ರಮ. ಕೈಜಾರಿ ಬಿದ್ದರೂ ಉರಿಯುತ್ತಿರುವ ಟಾರ್ಚ್ ಎಲ್ಲಿ ಹೋಯಿತು ಅಂತ ಕಾಣುತ್ತದೆ.

ಇನ್ನು ಕೈಯ ವಿಷಯ. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಬಲಗೈಯವರು ಬಲಗೈಯಲ್ಲಿ ಹಿಡಿಯುತ್ತಾರೆ. ಭಾವ ಹಿಡಿಯುವುದು ಎಡಗೈಯಲ್ಲಿ, ನನಗೂ ಅದನ್ನೇ ಕಲಿಸಿದ್ದಾರೆ. ಕಾರಣ ಗಾಳಿ. ಜೊತೆಗಾರನ ಗಾಳಿ ಮುಗಿದರೆ ನನ್ನ ರೆಗ್ಯುಲೇಟರ್, ಅಂದರೆ ಬಾಯಲ್ಲಿಟ್ಟು ಉಸಿರಾಡುವ ಸಾಧನ, ಕೊಡಬೇಕಾದದ್ದು ಬಲಗೈಯಿಂದ, ನಳಿಗೆ ಬರುವುದು ಬಲಗಡೆಯಿಂದ. ಆ ಗಳಿಗೆಯಲ್ಲಿ ಬಲಗೈ ಖಾಲಿ ಇರಬೇಕು. ಟಾರ್ಚ್ ಎಲ್ಲಿಡಲಿ ಅಂತ ಹುಡುಕುವಷ್ಟು ಹೊತ್ತು ಯಾರೂ ಕೊಡುವುದಿಲ್ಲ.

ಎಡಗೈಯಲ್ಲಿ ಹಿಡಿದರೆ ಬೇರೆ ತೊಡಕು. ತೇಲುವ ಹದ ಕಾಯುವ ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಗುಂಡಿ ಇರುವುದು ಎಡ ಭುಜದ ನಳಿಗೆಯ ತುದಿಯಲ್ಲಿ. ಗಾಳಿಯ ಗೇಜ್ ಕೂಡ ಎಡ ಸೊಂಟದ ಹತ್ತಿರ. ಪಿಸ್ತೂಲಿನ ಹಿಡಿಯಂಥ ದಪ್ಪ ಟಾರ್ಚ್ ಇದ್ದರೆ ಇದ್ಯಾವುದೂ ಆಗುವುದಿಲ್ಲ. ಅದಕ್ಕೇ ಗುಹೆಗಳಲ್ಲಿ ಈಜುವವರು ಕಂಡುಕೊಂಡ ಹಿಡಿ, ಗುಡ್‌ಮನ್ ಹ್ಯಾಂಡಲ್ ಅನ್ನುವುದು, ನನಗೆ ಬಲು ಇಷ್ಟ. ಟಾರ್ಚ್ ಮುಂಗೈಯ ಹಿಂಬದಿಗೆ ಕೂರುತ್ತದೆ, ಅಂಗೈಯ ಮೇಲೆ ಒಂದು ಪಟ್ಟಿ ಹಾಯುತ್ತದೆ, ಐದೂ ಬೆರಳು ಬಿಡುವಾಗಿರುತ್ತವೆ. ಈಗ ಅದನ್ನೇ ಮೆತ್ತನೆಯ ಬಟ್ಟೆಯ ಗವಸಿನ ರೂಪದಲ್ಲೂ ಮಾಡುತ್ತಾರೆ. ಬೆರಳು ತೋರಿದ ಕಡೆ ಬೆಳಕು ಹೋಗುತ್ತದೆ, ಗುಂಡಿಯನ್ನೂ ಒತ್ತಬಹುದು. ಗೇಜ್ ನೋಡುವ ಮೊದಲು ಮಾತ್ರ ಟಾರ್ಚನ್ನು ಬಲಗೈಗೆ ದಾಟಿಸಿ, ಬೆಳಕು ಮುಂದಕ್ಕೇ ಇರುವಂತೆ ಹಿಡಿದು, ಎಡಗೈಯಿಂದ ಗೇಜ್ ತೆಗೆಯಬೇಕು. ಹಾಗೆ ಮಾಡದಿದ್ದರೆ ಗೇಜ್ ಕಡೆ ಕೈ ತಿರುಗಿದ ಹಾಗೆ ಬೆಳಕೂ ಗಿರ್ರನೆ ತಿರುಗುತ್ತದೆ. ಪಕ್ಕದಲ್ಲಿರುವವರು ಏನೋ ಆಯಿತು ಅಂತ ಬೆಚ್ಚಿ ನೋಡುತ್ತಾರೆ. ಭಾವ ಇದನ್ನು ಸ್ನಾನದ ಮನೆಯಲ್ಲಿ, ಅಡುಗೆ ಮನೆಯಲ್ಲಿ, ಎಲ್ಲಿ ಬೇಕಾದರೂ ಬರಿಗೈಯಲ್ಲಿ ಅಭ್ಯಾಸ ಮಾಡಬಲ್ಲರು. ಅಕ್ಕ ನೋಡಿ ನೋಡಿ ಸಾಕಾಗಿ ಸುಮ್ಮನಾಗಿದ್ದಾಳೆ.

ಮಣಿಕಟ್ಟಿನ ದಾರದ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಹೊಸ ಟಾರ್ಚಿನ ಜೊತೆ ಒಂದು ಕುಣಿಕೆ ಬರುತ್ತದಲ್ಲ, ಗುಂಡಿಯಿಂದ ಬಿಗಿಯಾಗುವಂಥದ್ದು, ಅದನ್ನು ಮಣಿಕಟ್ಟಿಗೆ ಬಿಗಿದುಕೊಂಡೇ ಇಳಿಯಬೇಕು ಅನ್ನುವುದು ಬಾಡಿಗೆ ಟಾರ್ಚ್ ಕೊಡುವವರ ಉಪದೇಶ. ಅವರ ಆಸ್ತಿ ಉಳಿಯಬೇಕು, ತಪ್ಪಲ್ಲ. ಆದರೆ ಮಣಿಕಟ್ಟಿನಿಂದ ಜೋತ ಟಾರ್ಚ್ ಹಾರುವಾಗ ಮೂಗಿಗೆ ಬಡಿಯುತ್ತದೆ, ಈಜುವಾಗ ಹವಳಕ್ಕೆ ಬಡಿಯುತ್ತದೆ, ದೋಣಿಯ ಏಣಿ ಹತ್ತುವಾಗ ಮೆಟ್ಟಿಲಿಗೆ ಸಿಕ್ಕುತ್ತದೆ. ಅಲೆಯ ಮೇಲೆ ಏರಿಳಿಯುವ ಏಣಿಗೆ ಕೈ ಕಟ್ಟಿಹೋಗುವುದು ಸಣ್ಣ ವಿಷಯವಲ್ಲ. ನನ್ನದು ಬೋಲ್ಟ್ ಸ್ನ್ಯಾಪ್, ಅಂದರೆ ಹೆಬ್ಬೆರಳಿಂದ ಹಿಂದಕ್ಕೆ ಎಳೆದು ತೆರೆಯುವ ಕೊಕ್ಕೆ. ಕೊಕ್ಕೆಯನ್ನು ಟಾರ್ಚಿಗೆ ಲೋಹದ ಬಳೆಯಿಂದ ಸೇರಿಸದೆ ಗಟ್ಟಿ ನೂಲಿನಿಂದ ಕಟ್ಟಬೇಕು. ಕೊಕ್ಕೆ ಉಪ್ಪು ಹಿಡಿದು ತೆರೆಯದೇ ಹೋದರೆ ಚಾಕುವಿನಿಂದ ನೂಲು ಕೊಯ್ಯಬಹುದು, ಲೋಹವನ್ನು ಕೊಯ್ಯಲಾಗುವುದಿಲ್ಲ. ತಾನಾಗಿ ಒಳಕ್ಕೆ ಒತ್ತಿಕೊಂಡು ತೆರೆಯುವ ಕೊಕ್ಕೆಗಳು ಅಗ್ಗ, ಹಗ್ಗ ಬಲೆಗಳನ್ನೆಲ್ಲ ತಾವಾಗಿ ಹಿಡಿದುಕೊಳ್ಳುತ್ತವೆ, ಮೀನುಗಾರಿಕೆ ನಡೆಯುವ ನಮ್ಮ ನೀರಿಗೆ ಅವನ್ನು ಒಯ್ಯಲೇಬಾರದು. ಭಾವ ಮಾತ್ರ ಕೊಕ್ಕೆಯೂ ಇರಲಿ, ಸಡಿಲ ಕುಣಿಕೆಯೂ ಇರಲಿ ಅನ್ನುವವರು. ಲೆಕ್ಕದವರಿಗೆ ಎಲ್ಲಕ್ಕೂ ಎರಡು ನಮೂದು ಬೇಕು.

ಎರಡನೆಯ ಟಾರ್ಚಿನ ವಿಷಯದಲ್ಲಿ ಜಗಳವಿಲ್ಲ. ರಾತ್ರಿ ಇಳಿಯುವ ಪ್ರತಿಯೊಬ್ಬರ ಬಳಿಯೂ ಎರಡು ಇರಬೇಕು, ಗುಹೆಗೆ ಹೋಗುವವರು ಮೂರು ಒಯ್ಯುತ್ತಾರೆ. ಎರಡನೆಯದು ಕೈಬೆರಳಿನಷ್ಟು ದಪ್ಪದ ಸಣ್ಣದು ಸಾಕು, ಆದರೆ ಅದು ಜೇಬಿನ ತಳದಲ್ಲಿ ಇರಬಾರದು. ಎದೆಪಟ್ಟಿಯ ಡಿ ರಿಂಗಿಗೆ, ಅಂದರೆ ಡಿ ಆಕಾರದ ಬಳೆಗೆ, ಕೊಕ್ಕೆ ಹಾಕಿ, ಗಾಜಿನ ಮುಖ ಕೆಳಗಾಗಿ ಪಟ್ಟಿಯ ಉದ್ದಕ್ಕೆ ಒರಗಿಸಿ, ಸೈಕಲ್ ಟ್ಯೂಬಿನಿಂದ ಕೊಯ್ದ ರಬ್ಬರ್ ಬಳೆಯ ಒಳಗೆ ತೂರಿಸಿದರೆ ಅಲ್ಲಾಡುವುದಿಲ್ಲ. ಕೊಕ್ಕೆ ಬಿಚ್ಚದೆಯೇ, ರಬ್ಬರಿನಲ್ಲಿ ಇರುವಾಗಲೇ, ಅದನ್ನು ಹೊತ್ತಿಸಲು ಬರಬೇಕು, ಆಮೇಲೆ ಬಿಚ್ಚುವುದು. ಕತ್ತಲಲ್ಲಿ ಕೈತಪ್ಪಿ ಬೀಳಬಾರದಲ್ಲ. ಅಲ್ಲದೆ ಅದು ಇರುವುದು ಮನೆಗೆ ಬರಲು ಮಾತ್ರ. ದೊಡ್ಡದು ಆರಿಹೋಯಿತೋ, ಸಣ್ಣದನ್ನು ಹೊತ್ತಿಸಿ, ಜೊತೆಗಾರನಿಗೆ ತೋರಿಸಿ, ಮೇಲೆ ಬರುವುದು. "ಇನ್ನೊಂದು ಇದೆಯಲ್ಲ, ಹತ್ತು ನಿಮಿಷ ನೋಡಿ ಹೋಗುವ" ಅನ್ನುವವರ ಜೊತೆ ಇಳಿಯಬೇಡಿ.

ಬಂದರ್ ಖೈರಾನಿನ ಹತ್ತಿರ ಅಲ್ ಮುನಾಸಿರ್ ಅಂತ ಒಂದು ಹಡಗಿದೆ, 2003ರಲ್ಲಿ ಓಮಾನಿನ ನೌಕಾಪಡೆ ಬೇಕೆಂದೇ ಮುಳುಗಿಸಿದ್ದು, ಮೀನಿಗೆ ಮನೆಯಾಗಲಿ ಅಂತ. ಉದ್ದ 84 ಮೀಟರ್, ಕೂತಿರುವುದು 30 ಮೀಟರ್ ಆಳದಲ್ಲಿ. ಟಾರ್ಚ್ ಹಿಡಿಯುವುದರಲ್ಲಿ ಎಷ್ಟು ಸಂಗತಿ ಇದೆ ಅಂತ ತಿಳಿಯಲು ಅದರ ಬಾಗಿಲಲ್ಲಿ ನಿಂತರೂ ಸಾಕು. ಒಬ್ಬರ ಹಿಂದೆ ಒಬ್ಬರು ಹೋಗುವಾಗ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ. ಹಿಂದಿನವರು ತಮ್ಮ ಬೆಳಕನ್ನು ಮುಂದಿನವರ ದೇಹದ ಪಕ್ಕದಿಂದ ಹಾಯಿಸಿ, ಅವರ ಮುಂದಿನ ಗೋಡೆಗೆ ಬೀಳುವಂತೆ ಹಿಡಿಯಬೇಕು. ಹಿಂದಿನಿಂದ ಬಂದು ಮುಂದೆ ಬಿದ್ದಿರುವ ಆ ಬೆಳಕೇ ಅವರಿಗೆ "ನಾನಿದ್ದೇನೆ" ಅನ್ನುವ ಖಾತ್ರಿ. ಅದು ಗೋಡೆಯಿಂದ ಜಾರಿತೆಂದರೆ ಮುಂದಿನವರು ನಿಲ್ಲುತ್ತಾರೆ. ಹಿಂದೆ ಇರುವವರು ಸಾಲಾಗಿ ತಾಳ್ಮೆಯಿಂದ ಮಾಡಬೇಕಾದ, ಯಾರೂ ಹೊಗಳದ ಕೆಲಸ ಇದು. ಒಳಗಿನ ಕೋಣೆಯಲ್ಲಿ ಏನಿದೆ ಅಂತ ನೋಡುವ ಆಸೆಗೆ ಬೆಳಕು ಆಚೆ ತಿರುಗಿಸಿದರೆ, ನೋಡಿದ್ದು ಒಬ್ಬರು, ದಿಕ್ಕು ತಪ್ಪಿದ್ದು ಇಬ್ಬರು.

ನೇತ್ರಾಣಿಯ ನೀರು ಬೇರೆ. ತಿಳಿಯಾದ ದಿನಗಳೂ ಇವೆ, ಹಸಿರು ಮಂಜು ಕವಿದಂಥ ದಿನಗಳೂ ಇವೆ. ಅಂಥ ದಿನ ಅಗಲವಾಗಿ ಚೆಲ್ಲುವ ಬೆಳಕು ನೀರಲ್ಲಿ ತೇಲುವ ಕಣಗಳಿಗೇ ಬಡಿದು ಕಣ್ಣಿಗೆ ವಾಪಸ್ಸು ಬರುತ್ತದೆ; ಎಷ್ಟು ಪ್ರಖರವೋ ಅಷ್ಟು ಕುರುಡು. ಹತ್ತು ಡಿಗ್ರಿಗಿಂತ ಕಿರಿದಾದ, ಬಿಗಿಯಾದ ಬೆಳಕಿನ ಕೋಲು ಅದನ್ನು ಸೀಳಿಕೊಂಡು ಹೋಗುತ್ತದೆ. ಸನ್ನೆಗೂ ಅದೇ ಬೇಕು. ಅಗಲ ಬೆಳಕಲ್ಲಿ ಬರೆದ ಸುತ್ತು ಸುತ್ತಾಗಿ ಕಾಣುವುದಿಲ್ಲ. ಟಾರ್ಚನ್ನು ಮುಖದ ನೇರಕ್ಕೆ ಹಿಡಿಯದೆ ಕೈ ಸ್ವಲ್ಪ ಹೊರಗೆ ಚಾಚಿ ಓರೆಯಾಗಿ ಬಿಟ್ಟರೆ ಕಣಗಳ ಹಿಮ್ಮಿಂಚು ಇನ್ನೂ ಕಡಿಮೆ.

ಅಂಗಡಿಯವರು ಮಾರುವುದು ಮಾತ್ರ ಲೂಮೆನ್. ಹತ್ತು ಸಾವಿರ, ಇಪ್ಪತ್ತು ಸಾವಿರ ಅಂತ ಆನ್‌ಲೈನಿನಲ್ಲಿ ಬರೆದುಕೊಂಡಿರುವುದನ್ನು ನೋಡಿದರೆ ಲೈಟ್‌ಹೌಸಿಗೂ ನಾಚಿಕೆಯಾಗಬೇಕು. ಆ ಅಂಕಿ ಹೇಳುವುದು ಒಟ್ಟು ಬೆಳಕನ್ನು, ಅದು ಎಷ್ಟು ಅಗಲಕ್ಕೆ ಹಂಚಿಹೋಗುತ್ತದೆ ಎನ್ನುವುದನ್ನಲ್ಲ. ಅಗಲ ಬೆಳಕು ವಿಡಿಯೊ ಮಾಡುವವರಿಗೆ ಬೇಕು, ಒಪ್ಪೋಣ. ಆದರೆ ಅಂಥದ್ದನ್ನು ಹಿಡಿದವರ ಪಕ್ಕ ಈಜುವುದು ಹೈ ಬೀಮ್ ಹಾಕಿಕೊಂಡ ಬಸ್ಸಿನ ಎದುರು ಹೋದ ಹಾಗೇ; ಸಾವಿರ ಲೂಮೆನ್ನಿನ ಕಿರಿದಾದ ಒಂದು ಟಾರ್ಚ್ ಇಬ್ಬರು ಜೊತೆಗಾರರಿಗೆ ಧಾರಾಳ ಸಾಕು.

ಮೀನುಗಳ ಮಾತು ಬಂದರೆ, ಬೆಳಕು ಅವಕ್ಕೂ ಸುದ್ದಿಯೇ. ಕೆಲವು ಜಾತಿಯ ಗಿಳಿಮೀನು ರಾತ್ರಿ ತನ್ನ ಸುತ್ತ ಲೋಳೆಯ ಪೊರೆ ಕಟ್ಟಿಕೊಂಡು ಮಲಗುತ್ತದೆ. ಮುಖಕ್ಕೆ ಬೆಳಕು ಬಿಟ್ಟರೆ ಗಾಬರಿಯಾಗಿ ಬಂಡೆಗೆ ಹಾಯುತ್ತದೆ. ಲಯನ್‌ಫಿಶ್ ಇದಕ್ಕೆ ತದ್ವಿರುದ್ಧ. ಮುಳುಗುವವರ ಬೆಳಕಿನ ಪಕ್ಕದಲ್ಲೇ ತೇಲುತ್ತಾ ಬಂದು, ಯಾವ ಸಣ್ಣ ಮೀನಿನ ಮೇಲೆ ನಾವು ಟಾರ್ಚ್ ನಿಲ್ಲಿಸುತ್ತೇವೋ ಅದನ್ನು ಗಬಕ್ಕನೆ ನುಂಗುತ್ತದೆ. ನೋಡಿ ಖುಷಿಪಟ್ಟ ಮೀನು ಕಣ್ಣೆದುರೇ ಮಾಯ. ಹಾಗಾಗಿ ಸಣ್ಣ ಮೀನುಗಳಿಗೆ ವೃತ್ತದ ಅಂಚನ್ನಷ್ಟೇ ತಾಗಿಸುತ್ತೇನೆ, ನಡುವಿನ ಬಿಳಿ ಚುಕ್ಕೆಯನ್ನಲ್ಲ.

ಇದನ್ನು ದೋಣಿಯಲ್ಲಿ ಹೇಳಿದಾಗ ದೋಣಿ ನಡೆಸುವ ತಾಂಡೇಲರು ಜೋರಾಗಿ ನಕ್ಕರು. "ಹಾಗಾದ್ರೆ ನಿಮ್ದೂ ಲೈಟ್ ಫಿಶಿಂಗೇ ಆಯ್ತಲ್ಲ!" ಎಲ್‌ಇಡಿ ದೀಪದಿಂದ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ, ನಮ್ಮ ಕರಾವಳಿಯ ನಾಡದೋಣಿಯವರು ಲೈಟ್ ಫಿಶಿಂಗಿನ ವಿರುದ್ಧ ದನಿಯೆತ್ತುತ್ತಲೇ ಬಂದಿದ್ದಾರೆ, ನಿಷೇಧವಿದ್ದೂ ಕದ್ದುಮುಚ್ಚಿ ನಡೆಯುತ್ತದೆ ಅನ್ನುವುದು ಅವರ ಸಂಕಟ. ದೀಪ ಇಳಿಸಿದ ಕಡೆ ಮರಿ, ತಾಯಿ ಎಲ್ಲ ಬಂದು ಬಲೆಗೆ ಬೀಳುತ್ತವೆ. ನನ್ನ ಕೈಯ ಟಾರ್ಚಿಗೂ ಆ ದೀಪಗಳಿಗೂ ಹೋಲಿಕೆಯೇ ಇಲ್ಲ. ಆದರೂ ತಮಾಷೆಯಲ್ಲಿ ಅವರು ಹೇಳಿದ್ದು ಪೂರ್ತಿ ತಮಾಷೆಯಾಗಿರಲಿಲ್ಲ.

ಒಮ್ಮೊಮ್ಮೆ ಬೆಳಕನ್ನು ಬೇಕೆಂದೇ ಮುಚ್ಚುವುದೂ ಉಂಟು. ಮರಳಿನ ಮೇಲೆ ಇಬ್ಬರೂ ಹತ್ತಿರ ಹತ್ತಿರ ನಿಂತು, ಮೊದಲೇ ಮಾತಾಡಿಕೊಂಡಂತೆ, ಟಾರ್ಚುಗಳನ್ನು ಎದೆಗೆ ಒತ್ತಿ ಹಿಡಿಯುತ್ತೇವೆ. ಕೈ ಬೀಸಿದ ಕಡೆ ನೀರು ನೀಲಿ ಕಿಡಿ ಹಾರಿಸುತ್ತದೆ. ನೀರಲ್ಲಿರುವ ಸೂಕ್ಷ್ಮಜೀವಿಗಳು ಕದಡಿದಾಗ ಮಿನುಗುತ್ತವೆ. ಕಾರವಾರ, ಮಲ್ಪೆಯ ದಂಡೆಗಳಲ್ಲಿ ಕೆಲವು ವರ್ಷ ಅಲೆಯೇ ನೀಲಿಯಾಗಿ ಮುರಿಯುವುದು ನೊಕ್ಟಿಲೂಕ ಎಂಬ ಇಂಥದ್ದೇ ಜೀವಿಯಿಂದ. ಆಗಲೂ ಭಾವನ ಒಂದು ಕೈ ನನ್ನ ಜಾಕೆಟ್ಟಿನ ಪಟ್ಟಿಯನ್ನು ಹಿಡಿದಿರುತ್ತದೆ. ಬೆಳಕಿಲ್ಲದಿದ್ದರೆ ಸ್ಪರ್ಶ ಬೇಕು ಅನ್ನುವುದೂ ಅವರ ಪಟ್ಟಿಯಲ್ಲಿದೆ. ಇದನ್ನು ತಳವಿಲ್ಲದ ಕಡೆ, ಸೆಳೆತ ಇರುವ ಕಡೆ ಮಾಡಬಾರದು. ಕತ್ತಲಲ್ಲಿ ನಾವು ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಗೊತ್ತೇ ಆಗುವುದಿಲ್ಲ.

ಟಾರ್ಚಿನ ಆರೈಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಮುಖ್ಯವಾದ್ದು ರಬ್ಬರಿನ ಬಳೆ, ಓ ರಿಂಗ್. ಒಂದು ತಲೆಗೂದಲು, ಒಂದು ಮರಳಿನ ಕಣ ಅದರಡಿ ಸಿಕ್ಕರೆ ನೀರು ಒಳಗೆ. ಆಳದಲ್ಲಿ ಒತ್ತಡವೇ ಅದನ್ನು ಬಿಗಿಯಾಗಿ ಕೂರಿಸುವುದರಿಂದ ನೀರು ನುಗ್ಗುವುದು ಹೆಚ್ಚಾಗಿ ಮೇಲಿನ ಒಂದೆರಡು ಮೀಟರಿನಲ್ಲೇ. ತಲೆ ತಿರುಗಿಸಿ ಹೊತ್ತಿಸುವ ಟಾರ್ಚ್ ಆದರೆ ಆರಿಸುವ ಭರದಲ್ಲಿ ಒಂದು ಸುತ್ತು ಹೆಚ್ಚು ಬಿಚ್ಚಿದರೂ ಅದೇ ಗತಿ. ನೀರು ಹೊಕ್ಕ ಟಾರ್ಚನ್ನು ಮುಖದ ನೇರಕ್ಕೆ ಹಿಡಿದು ಬಿಚ್ಚಬಾರದು. ಬ್ಯಾಟರಿಯಿಂದ ಅನಿಲ ಹುಟ್ಟಿ ಒಳಗೆ ಒತ್ತಡ ತುಂಬಿರುತ್ತದೆ, ಮುಚ್ಚಳ ಸಿಡಿಯುತ್ತದೆ. ಮತ್ತೆ, ನೀರಿನ ತಂಪನ್ನೇ ನಂಬಿರುವ ದೊಡ್ಡ ಟಾರ್ಚುಗಳನ್ನು ದೋಣಿಯಲ್ಲಿ ಸುಮ್ಮನೆ ಹೊತ್ತಿಸಿಟ್ಟರೆ ಕೈ ಸುಡುವಷ್ಟು ಕಾಯುತ್ತವೆ.

ವಿಮಾನದಲ್ಲಿ ಒಯ್ಯುವವರಿಗೆ: ಬಿಡಿ ಲೀಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಸರಕಿನ ಪೆಟ್ಟಿಗೆಯಲ್ಲಲ್ಲ. ಸಾಮಾನ್ಯವಾಗಿ ಬಳಸುವ 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದದ್ದು, ಹದಿನೈದು ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ದಾಟುವುದಿಲ್ಲ. ಮಿತಿ ಇರುವುದು 100. ಟಾರ್ಚಿನಿಂದ ಸೆಲ್ ತೆಗೆದು, ತುದಿಗಳು ತಾಗದಂತೆ ಡಬ್ಬಿಯಲ್ಲಿಟ್ಟರೆ ತಪಾಸಣೆಯವರೂ ಹೆಚ್ಚು ಕೇಳುವುದಿಲ್ಲ, ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳುವ ಭಯವೂ ಇಲ್ಲ. ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಇದ್ದವರು ಕ್ಯಾಲಿಫೋರ್ನಿಯಾದ ಕನ್ಸೆಪ್ಷನ್ ಎಂಬ ಡೈವಿಂಗ್ ದೋಣಿಯ ಬಗ್ಗೆ ಓದಬೇಕು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಅದಕ್ಕೆ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ಬೆಂಕಿಗೆ ಇಂಥದ್ದೇ ಕಾರಣ ಅಂತ ತನಿಖೆಯಲ್ಲಿ ತೀರ್ಮಾನವಾಗಲಿಲ್ಲ. ಆದರೆ ಅವರ ಫೋನು, ಕ್ಯಾಮೆರಾ, ಟಾರ್ಚುಗಳೆಲ್ಲ ಮೇಲಿನ ಕೋಣೆಯಲ್ಲಿ ಚಾರ್ಜಾಗುತ್ತಿದ್ದವು, ರಾತ್ರಿ ಎದ್ದು ಕಾಯುವವರು ಯಾರೂ ಇರಲಿಲ್ಲ. ಕಾವಲಿಲ್ಲದೆ ಲೀಥಿಯಂ ಬ್ಯಾಟರಿ ಚಾರ್ಜ್ ಮಾಡುವುದನ್ನು ಮಿತಿಯಲ್ಲಿಡಿ ಅಂತ ಆ ತಿಂಗಳೇ ಅಮೆರಿಕದ ಕೋಸ್ಟ್ ಗಾರ್ಡ್ ದೋಣಿಗಳಿಗೆಲ್ಲ ಸೂಚನೆ ಕಳಿಸಿತು. ಭಾವ ಹೋಟೆಲಿನ ಕೋಣೆಯಲ್ಲೂ ಚಾರ್ಜರಿನ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ.

ನಮ್ಮಿಬ್ಬರ ನಡುವೆ ಇನ್ನೂ ತೀರದ ತಕರಾರು ಸಿಲಿಂಡರಿನ ದೀಪದ್ದು. ರಾತ್ರಿ ಇಳಿಯುವಾಗ ಅವರು ಸಿಲಿಂಡರಿನ ಕುತ್ತಿಗೆಗೆ ಸಣ್ಣ ಹಸಿರು ದೀಪ ಕಟ್ಟುತ್ತಾರೆ. ಮೊದಲು ಮುರಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ ಕಟ್ಟುತ್ತಿದ್ದರು; ಒಂದು ರಾತ್ರಿಗೆ ಒಂದು ಪ್ಲಾಸ್ಟಿಕ್ ಎಸೆಯುವುದು ಯಾವ ಸೀಮೆಯ ಸಮುದ್ರಪ್ರೇಮ ಅಂತ ನಾನು ಕೆಣಕಿದ ಮೇಲೆ ಬ್ಯಾಟರಿಯದ್ದಕ್ಕೆ ಬಂದರು. ನನ್ನ ವಾದ, ಕೈಯ ಬೆಳಕು ಸರಿಯಾಗಿ ಹಿಡಿದರೆ ಬೆನ್ನಿನದು ಬೇಡ; ನೀರು ತುಂಬ ಮಿಣುಕು ದೀಪಗಳಾದರೆ ಯಾವುದು ಯಾರದ್ದು ಅಂತ ಗೊಂದಲ. ಅವರ ವಾದ, "ನೀ ಬ್ಯಾಟ್ರಿ ಎದೆಗೆ ಒತ್ಕಂಡು ಬಂಡೆ ಸಂದಿಗೆ ತಲೆ ಹಾಕ್ತೆ. ಹಿಂದಿಂದ ಬರೂ ನಂಗೆ ಕಾಣೂದು ನಿನ್ನ ಸಿಲಿಂಡರ್ ಒಂದೇ. ಮೇಲೆ ದೋಣಿಯವ್ರಿಗೂ ಕಾಣ್ಬೇಕಲ." ದೋಣಿಯವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಅದಕ್ಕೇ ಆ ಮಾತು ಬಂದಾಗಲೆಲ್ಲ ಪ್ಲಾಸ್ಟಿಕ್ ಕಡ್ಡಿಯ ಹಳೆಯ ವಿಷಯ ಎತ್ತುತ್ತೇನೆ. ಸದ್ಯಕ್ಕೆ ಅವರದು ಹಸಿರು, ನನ್ನದು ಖಾಲಿ. ಫೆಬ್ರವರಿಯಲ್ಲಿ ಊರಿಗೆ ಬರುವಾಗ ನನಗೂ ಒಂದು ತರುತ್ತಾರಂತೆ, ಕೆಂಪು ಬಣ್ಣದ್ದು. ಆರು ಮೀಟರಿನ ಕೆಳಗೆ ಕೆಂಪು ಎಷ್ಟು ದೂರ ಕಾಣುತ್ತದೆ ಭಾವ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.